ಅಂಚಿನ ಆಚೆಯ ಗಾಳಿ

ಸಾಲಗುಂದದಿಂದ ಸಿಂಧನೂರಿನ ಕಡೆಗೆ ಸಂಜೆಯ ಹೊತ್ತು ಮೋಟಾರು ಸೈಕಲ್ಲೇರಿ ಹೊರಟವನಿಗೆ ಎದುರಾಗುವುದು ಬರಿಯ ಗಾಳಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳಿಂದ ಬೆಳಕನ್ನರಸಿ ಮೇಲೇಳುವ ಜಿಗಿಹುಳುಗಳು, ಕೊಯ್ಲಿನ ದಿನಗಳಲ್ಲಿ ಯಂತ್ರಗಳು ಚೆಲ್ಲುವ ಹೊಟ್ಟು, ಬೇಸಗೆಯಲ್ಲಿ ಎರೆಭೂಮಿಯ ಧೂಳು, ಇವೆಲ್ಲವೂ ಆ ಗಾಳಿಯನ್ನೇರಿ ಬರುತ್ತವೆ. ಆದುದರಿಂದ ಸವಾರನು ಗಾಡಿಗೆ ವಿಂಡ್‌ಶೀಲ್ಡ್ ಹಾಕಿಸಲು ಬಯಸುವುದೂ, ದೊಡ್ಡದಾದಷ್ಟೂ ಒಳ್ಳೆಯದೆಂದು ಭಾವಿಸಿ ಅಂಗಡಿಯಲ್ಲಿರುವ ಅತ್ಯುನ್ನತವಾದುದನ್ನೇ ಕೊಳ್ಳುವುದೂ ಸಹಜ. ಆದರೆ ಹಾಗೆ ಕೊಂಡವರಲ್ಲಿ ಹಲವರಿಗೆ, ಹಿಂದೆ ಎದೆಯನ್ನು ನೂಕುತ್ತಿದ್ದ ಗಾಳಿಯು ಈಗ ಹೆಲ್ಮೆಟ್ಟನ್ನೇ ಹಿಡಿದು ಅಲುಗಾಡಿಸುವ ವಿಚಿತ್ರ ಅನುಭವವಾಗುತ್ತದೆ.

ಇದರ ಕಾರಣವಿರುವುದು ವಿಂಡ್‌ಶೀಲ್ಡಿನ ಹಾಳೆಯಲ್ಲಲ್ಲ, ಹಾಳೆಯ ಮೇಲಂಚಿನಲ್ಲಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಚದರ ಮೀಟರಿನ ಹತ್ತನೆಯ ಒಂದು ಭಾಗದಷ್ಟು ವಿಸ್ತೀರ್ಣದ ಹಾಳೆಯ ಮೇಲೆ ಗಾಳಿಯ ಒತ್ತಡವು ಸುಮಾರು 3 ಕಿಲೋಗ್ರಾಂ ಭಾರಕ್ಕೆ ಸಮನಾಗುವುದು. ವೇಗವು ಅರ್ಧಕ್ಕಿಳಿದರೆ ಒತ್ತಡವು ಕಾಲುಭಾಗಕ್ಕಿಳಿಯುವುದು. ಹೀಗೆ ತಡೆಯಲ್ಪಟ್ಟ ಗಾಳಿಯು ಹಾಳೆಯ ಮೈಯುದ್ದಕ್ಕೂ ಮೇಲೇರಿ, ಅಂಚಿನಲ್ಲಿ ಆಸರೆ ತಪ್ಪಿ ಮುಂದೆ ಸಾಗುವಾಗ, ಮೇಲಿನ ವೇಗದ ಪ್ರವಾಹಕ್ಕೂ ಹಾಳೆಯ ಹಿಂದೆ ನಿಶ್ಚಲಪ್ರಾಯವಾಗಿ ನಿಂತ ಗಾಳಿಗೂ ನಡುವೆ ತೆಳ್ಳನೆಯ ಪದರವೊಂದು ಏರ್ಪಟ್ಟು, ಕಾಲುವೆಯ ಸೇತುವೆಗಂಬವನ್ನು ದಾಟಿದ ನೀರಿನಂತೆ ಸುಳಿಸುಳಿಯಾಗಿ ಮುರಿಯುತ್ತದೆ. ಸುಳಿಗಳು ಹಿಂದೆ ಸರಿದಂತೆಲ್ಲ ದೊಡ್ಡವಾಗುತ್ತವೆ. ಗಿಡ್ಡ ಹಾಳೆಯಾದರೆ ಅವು ಎದೆಗೆ ಬಡಿಯುವುವು, ಬಹಳ ಎತ್ತರದ ಹಾಳೆಯಾದರೆ ತಲೆಯ ಮೇಲೆ ಹಾದುಹೋಗುವುವು. ಎರಡರ ನಡುವಿನ ದುರದೃಷ್ಟದ ಅಳತೆಯಾದರೆ ನೇರವಾಗಿ ಹೆಲ್ಮೆಟ್ಟಿಗೇ ಗುರಿಯಿಡುವುವು. ಆಗ ಕಿವಿಗೆ ಬೀಳುವ ಸದ್ದೂ ಅಲ್ಪವಲ್ಲ; ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಮೊರೆತವು 90 ಡೆಸಿಬೆಲ್ಲನ್ನು ಮೀರುವುದುಂಟು.

ತಲೆಗೂ ಮೇಲೆ ಹೋಗುವ ಹಾಳೆಯೇ ಇರಲಿ ಎನ್ನುವವರು ರಾತ್ರಿಯನ್ನು ನೆನೆಯಬೇಕು. ಧೂಳು, ಗೀರು, ಅಂಟಿಕೊಂಡ ಹುಳುಗಳ ಕಲೆ ಇವುಗಳ ಮೇಲೆ ಎದುರಿನ ಲಾರಿಯ ಬೆಳಕು ಬಿದ್ದೊಡನೆ ಹಾಳೆಯಿಡೀ ಬೆಳ್ಳಗಾಗಿ ರಸ್ತೆ ಮರೆಯಾಗುವುದು. ಆದಕಾರಣ ನೋಟವು ಅಂಚಿನ ಮೇಲಿಂದ ಹಾಯುವಂತೆ, ಅಂಚು ಸವಾರನ ಮೂಗಿನ ಮಟ್ಟದಲ್ಲಿರುವುದು ಲೇಸು. ಗಾಳಿಯು ಅಂಚಿನಿಂದ ಕೆಲವು ಬೆರಳು ಮೇಲಕ್ಕೆ ನೆಗೆದೇ ಹಿಂದೆ ಬಾಗುವುದರಿಂದ ಕಣ್ಣಿಗೆ ಅಷ್ಟು ರಕ್ಷಣೆ ಹೇಗೂ ದೊರೆಯುವುದು. ಹಾಳೆ ಅದಕ್ಕಿಂತ ಎತ್ತರವಾಗಿದ್ದರೆ ಕತ್ತರಿಸಿ ತಗ್ಗಿಸಬೇಕು. ಎಷ್ಟು ಕತ್ತರಿಸಬೇಕೆಂಬುದನ್ನು ಕತ್ತರಿಸದೆಯೇ ಅಂದಾಜು ಮಾಡುವ ಉಪಾಯವೂ ಒಂದುಂಟು: ಬರಿದಾದ ನೇರ ರಸ್ತೆಯಲ್ಲಿ ಮಿತವೇಗದಿಂದ ಹೋಗುತ್ತ ಆಸನದಿಂದ ತುಸು ಮೇಲೆದ್ದರೆ, ತಲೆ ಎಷ್ಟು ಏರಿತೋ ಹಾಳೆ ಅಷ್ಟು ಇಳಿದಂತಾಯಿತು.

ಗರಗಸ ಹಿಡಿಯುವ ಮುನ್ನ ಹಾಳೆಯ ಜಾತಿಯನ್ನು ತಿಳಿದುಕೊಳ್ಳತಕ್ಕದ್ದು. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದು ಯುದ್ಧವಿಮಾನಗಳ ಕಿಟಕಿಗಳಾಗಿ ಹೆಸರುಗಳಿಸಿದ ಅಕ್ರಿಲಿಕ್ ಅತಿ ಸ್ವಚ್ಛವಾದುದು, ಬೀಳುವ ಬೆಳಕಿನಲ್ಲಿ ಶೇಕಡಾ 92ರಷ್ಟನ್ನು ಹಾಯಗೊಡುವುದು, ಆದರೆ ಪೆಡಸು. 1953ರಲ್ಲಿ ಜರ್ಮನಿಯಲ್ಲಿ ಹರ್ಮನ್ ಷ್ನೆಲ್ ಮತ್ತು ಅಮೆರಿಕದಲ್ಲಿ ಡೇನಿಯಲ್ ಫಾಕ್ಸ್ ಪರಸ್ಪರ ಅರಿಯದೆಯೇ ಕಂಡುಹಿಡಿದ ಪಾಲಿಕಾರ್ಬೊನೇಟ್ ಪೆಟ್ಟಿಗೆ ಬಗ್ಗುವುದೇ ಹೊರತು ಸುಲಭವಾಗಿ ಒಡೆಯದು, ಆದರೆ ಬೇಗ ಗೀರುಬೀಳುವುದು. ಇವೆರಡೂ ಶಾಖವನ್ನು ಬಹು ನಿಧಾನವಾಗಿ ಸಾಗಿಸುವುವು. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಪಾಲಿಕಾರ್ಬೊನೇಟ್ ಸುಮಾರು 147ರಲ್ಲಿ ಮೆತ್ತಗಾಗುವುದರಿಂದ, ವಿದ್ಯುತ್ ಗರಗಸವನ್ನು ಭರದಿಂದ ಓಡಿಸಿದಲ್ಲಿ ಅಲಗು ಹಾದ ದಾರಿಯೇ ಕರಗಿ ಅಲಗಿನ ಹಿಂದೆ ಮತ್ತೆ ಬೆಸೆದುಕೊಳ್ಳುವುದೂ ಉಂಟು. ಇಂಚಿಗೆ 32 ಹಲ್ಲುಗಳ ಹ್ಯಾಕ್‌ಸಾ ಅಲಗು, ಆತುರವಿಲ್ಲದ ಕೈ, ಇವೇ ಮನೆಯ ಕೆಲಸಕ್ಕೆ ತಕ್ಕವು.

ನಡುಗೆರೆಯಲ್ಲಿ ಮಡಿಸಿ ಕತ್ತರಿಸಿದ ಕಾಗದದ ಅಚ್ಚಿನಿಂದ ಎರಡು ಪಕ್ಕಗಳೂ ಸಮನಾಗುವುವು. ಹಾಳೆಯ ಎರಡೂ ಮೈಗೆ ಕಾಗದದ ಟೇಪು ಅಂಟಿಸಿ, ಅಂಚಿನ ಬಳಿ ಹಾಳೆ ನಡುಗದಂತೆ ಆಸರೆ ಕೊಟ್ಟು, ಗೆರೆಯ ಹೊರಗೆ ತುಸು ಉಳಿಸಿ ಕೊಯ್ದು, ಉಳಿದುದನ್ನು ಅರದಿಂದ ಉಜ್ಜಿ ತೆಗೆಯಬೇಕು. ಬಳಿಕ 220, 400, 600ನೆಯ ಅಂಕದ ಎಮರಿ ಕಾಗದಗಳನ್ನು ಕ್ರಮವಾಗಿ ನೀರು ತಾಗಿಸಿ ತಿಕ್ಕಿ ಅಂಚನ್ನು ದುಂಡಗೆ ಮಾಡುವುದನ್ನು ಅಲಂಕಾರವೆಂದು ಬಗೆಯಬಾರದು. ಗರಗಸವು ಬಿಟ್ಟುಹೋದ ಒಂದೊಂದು ಕಚ್ಚೂ ಮುಂದೆ ಬಿರುಕು ಹೊರಡುವ ಸ್ಥಾನ, ಮತ್ತು ಆ ಅಂಚು ಇರುವುದು ಸವಾರನ ಮುಖಕ್ಕೆ ಎದುರಾಗಿ.

ಮರಳಿ ಜೋಡಿಸುವಾಗ ಬೋಲ್ಟುಗಳನ್ನು ಬಿಗಿದು ಹಿಂಸಿಸಕೂಡದು. ಅರ್ಧ ಮೀಟರ್ ಉದ್ದದ ಹಾಳೆಯು ಚಳಿಗಾಲದ ಬೆಳಗಿನಿಂದ ನಮ್ಮ ಸೀಮೆಯ ಬೇಸಗೆಯ ಮಧ್ಯಾಹ್ನದವರೆಗೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುವುದರಿಂದ, ತೂತು ಬೋಲ್ಟಿಗಿಂತ ದೊಡ್ಡದಾಗಿದ್ದು ನಡುವೆ ರಬ್ಬರ್ ವಾಷರು ಇರಬೇಕು. ಕೊನೆಗೆ ಸೋಪಿನ ನೀರಿನಿಂದ ತೊಳೆದರಾಯಿತು. ಪೆಟ್ರೋಲು ತೋಯಿಸಿದ ಬಟ್ಟೆಯಿಂದ ಸಕಲವನ್ನೂ ಒರೆಸುವ ಗ್ಯಾರೇಜಿನ ವಾಡಿಕೆಯನ್ನು ಇಲ್ಲಿ ದೂರವಿರಿಸಬೇಕು. ಕೊಯ್ತದಿಂದಲೂ ಬಿಗಿತದಿಂದಲೂ ಒಳಗೇ ಸೆಳೆತ ಹೊತ್ತ ಪ್ಲಾಸ್ಟಿಕ್ಕಿಗೆ ಪೆಟ್ರೋಲು ಸೋಕಿದರೆ, ಕೂದಲೆಳೆಯಂತಹ ಬಿರುಕುಗಳು ತೂತುಗಳ ಸುತ್ತ ಕೆಲವೊಮ್ಮೆ ದಿನಗಳ ತರುವಾಯ, ಒರೆಸಿದವನಿಗೆ ಒರೆಸಿದ್ದೇ ಮರೆತುಹೋದ ಮೇಲೆ, ಕಾಣಿಸಿಕೊಳ್ಳುತ್ತವೆ.