ಚುಕ್ಕೆಯೋ, ಅಲ್ಪವಿರಾಮವೋ?

ಮೂರೂವರೆಯನ್ನು ನಾವು 3.5 ಎಂದು ಬರೆಯುತ್ತೇವೆ. ಜರ್ಮನಿಯ ಶಾಲೆಗಳಲ್ಲಿ ಇದನ್ನೇ 3,5 ಎಂದು ಬರೆಸುತ್ತಾರೆ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಗಳನ್ನು ಬೇರ್ಪಡಿಸಲು ಚುಕ್ಕೆ. ನಮ್ಮ 12,34,567.50 ಅವರಿಗೆ 1.234.567,50. ಓದುವವರು ಮನುಷ್ಯರಾದರೆ ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ವಿವೇಚನೆ ಎಲ್ಲಿಂದ ಬರಬೇಕು?

ಆದ್ದರಿಂದಲೇ ಯೂನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿ ಆಯಾ ದೇಶದ ರೂಢಿಯನ್ನು ದಾಖಲಿಸಿದ ಕೋಷ್ಟಕಗಳಿವೆ. ಇವಕ್ಕೆ 'ಲೊಕೇಲ್' ಎಂದು ಹೆಸರು. 1989ರಲ್ಲಿ ಅಮೆರಿಕದಲ್ಲಿ ಸಿ ಭಾಷೆಗೆ ಮಾನಕ ರೂಪ ಕೊಟ್ಟಾಗಲೇ ಈ ಏರ್ಪಾಡು ಅದರೊಳಗೆ ಸೇರಿತು. ಬಳಸುವವನಿಗೆ ಅವನ ಊರಿನ ರೀತಿಯಲ್ಲೇ ಅಂಕಿ ಕಾಣಲಿ ಎಂಬುದು ಉದ್ದೇಶ. ಒಳ್ಳೆಯದೇ.

ತೊಡಕು ಬರುವುದು ಒಂದು ಪ್ರೋಗ್ರಾಮಿನ ಉತ್ತರವನ್ನು ಇನ್ನೊಂದಕ್ಕೆ ಉಣಿಸುವಾಗ. ಕೀಲಿಮಣೆಯಿಂದ ಆಜ್ಞೆ ಕೊಟ್ಟು ನಡೆಸುವ ತಂತ್ರಾಂಶಗಳ ಸೊಗಸೇ ಈ ಜೋಡಣೆ. 'ಬಿಸಿ' ಎಂಬ ಲೆಕ್ಕದ ಪ್ರೋಗ್ರಾಮಿಗೆ ಎರಡು ದಶಮಾಂಶ ಸ್ಥಾನ ಸಾಕೆಂದು ತಿಳಿಸಿ 22ನ್ನು 7ರಿಂದ ಭಾಗಿಸಲು ಹೇಳಿ. ಯಾವ ದೇಶದಲ್ಲಿದ್ದರೂ ಅದು 3.14 ಎಂದೇ ಉತ್ತರಿಸುತ್ತದೆ. ಆ ಉತ್ತರವನ್ನು ಜರ್ಮನ್ ಲೊಕೇಲ್ ಇರುವ ಕಂಪ್ಯೂಟರಿನಲ್ಲಿ ಬ್ಯಾಷ್‌ನ 'ಪ್ರಿಂಟ್‌ಎಫ್' ಆಜ್ಞೆಗೆ ಕೊಟ್ಟರೆ, ಇದು ಸಂಖ್ಯೆಯೇ ಅಲ್ಲ ಎಂಬ ದೂರು ಬರುತ್ತದೆ.

ದೂರು ಬಂದರೆ ನಮ್ಮ ಪುಣ್ಯ. ಸಿ ಭಾಷೆಯಲ್ಲಿ ಅಕ್ಷರಗಳನ್ನು ಸಂಖ್ಯೆಯಾಗಿಸುವ 'ಎಟುಎಫ್' ಎಂಬ ಫಲನವಿದೆ. ಜರ್ಮನ್ ರೂಢಿಗೆ ಹೊಂದಿಸಿದ ಪ್ರೋಗ್ರಾಮಿನಲ್ಲಿ ಅದು 3.14ನ್ನು ಓದುತ್ತಾ ಚುಕ್ಕೆಯ ಬಳಿ ನಿಂತುಬಿಡುತ್ತದೆ. ಕೈಗೆ ಸಿಗುವುದು ಬರಿಯ 3, ಎಚ್ಚರಿಕೆ ಇಲ್ಲ. 0.75 ಗ್ರಾಮ್ ಔಷಧ ಎಂದಿದ್ದರೆ ಸೊನ್ನೆಯಾಗುತ್ತದೆ! ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸಿದ ಕಡತದಲ್ಲಿ ಇದರ ತಿರುವುಮುರುವು: 3,5 ಎಂದು ಬರೆದರೆ ಒಂದು ಅಂಕಣ ಎರಡಾಗಿ, ಮುಂದಿನವೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿಯುತ್ತವೆ.

ಪರಿಹಾರ ಸರಳ. ತೋರಿಸುವ ಅಂಕಿಗೆ ಊರಿನ ರೂಢಿ ಇರಲಿ. ಯಂತ್ರದಿಂದ ಯಂತ್ರಕ್ಕೆ ಹೋಗುವ ಅಂಕಿಗೆ 'ಸಿ' ಎಂಬ ಹೆಸರಿನ ಮೂಲ ಲೊಕೇಲ್ ಇರಲಿ. ಅದರಲ್ಲಿ ದಶಮಾಂಶಕ್ಕೆ ಚುಕ್ಕೆ, ಸಾವಿರಕ್ಕೆ ಯಾವ ಚಿಹ್ನೆಯೂ ಇಲ್ಲ. ಇದಕ್ಕೆ 'ಎಲ್‌ಸಿ ನ್ಯೂಮರಿಕ್' ಎಂಬ ಚರಾಂಶಕ್ಕೆ 'ಸಿ' ಎಂಬ ಬೆಲೆ ಕೊಡಬೇಕು. ಆದರೆ 'ಎಲ್‌ಸಿ ಆಲ್' ಎಂಬ ಹಿರಿಯಣ್ಣನಿಗೆ ಮೊದಲೇ ಬೇರೆ ಬೆಲೆ ಕೊಟ್ಟಿದ್ದರೆ ಅವನ ಮಾತೇ ನಡೆಯುತ್ತದೆ. ಹಾಗೆಂದು ಅವನನ್ನೇ 'ಸಿ'ಗೆ ಬದಲಿಸಿದರೆ ಕನ್ನಡ ಕಡತಗಳಿಗೆ ಪೆಟ್ಟು: ಆ ಲೊಕೇಲ್ ಕನ್ನಡದ ಅಕ್ಷರಗಳನ್ನು ಅಕ್ಷರಗಳೆಂದೇ ಗುರುತಿಸದು. ನಿಮ್ಮ ಕಾಲೇಜಿನ ಲಿನಕ್ಸ್ ಕಂಪ್ಯೂಟರಿನಲ್ಲಿ 'ಲೊಕೇಲ್' ಎಂದು ಆಜ್ಞೆ ಕೊಟ್ಟು ನೋಡಿ; ಇವೆಲ್ಲದರ ಬೆಲೆ ಸಾಲಾಗಿ ಕಾಣುತ್ತದೆ.