ನಿಮಗಿದು ಗೊತ್ತೇ? ಹೊಟ್ಟೆಯೊಳಗಿನ ಪುಟ್ಟ ಹೊಟ್ಟೆ!

ಹುಟ್ಟುವ ಎಷ್ಟೋ ತಿಂಗಳ ಮೊದಲೇ ಮಗುವಿನ ಕರುಳು ಒಮ್ಮೆ ಮನೆ ಬಿಟ್ಟು ಹೊರಗೆ ಹೋಗಿ ಬರುತ್ತದೆ. ನಂಬುತ್ತೀರಾ? ಆರನೇ ವಾರದ ಸುಮಾರಿಗೆ ಭ್ರೂಣದ ಹೊಟ್ಟೆಯಲ್ಲಿ ಕರುಳಿಗೆ ಜಾಗ ಸಾಲುವುದಿಲ್ಲ. ಸೀದಾ ಹೊಕ್ಕುಳಬಳ್ಳಿಯೊಳಕ್ಕೆ ನುಗ್ಗಿಬಿಡುತ್ತದೆ. ಅಲ್ಲೇ ಬೆಳೆಯುತ್ತ, ತಿರುಗುತ್ತ, ಹತ್ತನೇ ವಾರದ ಹೊತ್ತಿಗೆ ವಾಪಸ್ಸು ಬರುತ್ತದೆ. ಹೋಗಿ ಬರುವಷ್ಟರಲ್ಲಿ ತಿರುಗಿದ್ದು ಒಟ್ಟು 270 ಡಿಗ್ರಿ!

ಹುಟ್ಟಿದ ಕೂಸಿನ ಉದ್ದ ಅರ್ಧ ಮೀಟರ್. ಅದರ ಸಣ್ಣ ಕರುಳಿನ ಉದ್ದ? ಸುಮಾರು ಎರಡೂಮುಕ್ಕಾಲು ಮೀಟರ್! ಸಕಲೇಶಪುರದಿಂದ ಎಡಕುಮೇರಿ ಹಾದು ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು 57 ಸುರಂಗಗಳಲ್ಲಿ ನುಸುಳಿ ಘಟ್ಟ ಸುತ್ತುತ್ತದಲ್ಲ, ಹಾಗೆ ಸುತ್ತಿ ಬಳಸಿ ಅಷ್ಟೂ ಉದ್ದ ಅಂಗೈಯಗಲದ ಹೊಟ್ಟೆಯಲ್ಲಿ ಕೂತಿರುತ್ತದೆ. ಇಪ್ಪತ್ತನೇ ವಾರದಲ್ಲಿ ಅದು ಬರೀ 125 ಸೆಂಟಿಮೀಟರಿನಷ್ಟು. ಉಳಿದ ನಾಲ್ಕೂವರೆ ತಿಂಗಳಲ್ಲಿ ಎರಡು ಪಟ್ಟಿಗೂ ಮಿಗಿಲು!

ಗರ್ಭದಲ್ಲಿರುವ ಮಗು ಏನೂ ನುಂಗುವುದಿಲ್ಲ ಅಂದುಕೊಂಡಿದ್ದೀರಾ? ದಿನ ತುಂಬುವ ಹೊತ್ತಿಗೆ ಅದು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಗರ್ಭದ ನೀರು ಕುಡಿಯುತ್ತದೆ! ಈ ಕುಡಿತದಿಂದಲೇ ಕರುಳು ಕೆಲಸ ಕಲಿಯುತ್ತದೆ. ಅಮ್ಮನ ತಟ್ಟೆಯಲ್ಲಿದ್ದದ್ದು ಅಷ್ಟಿಷ್ಟು ಈ ನೀರಿಗೂ ಬಂದು ಸೇರುತ್ತದೆ.

ಹೀಗೆ ಕುಡಿದದ್ದರ ಲೆಕ್ಕ ಎಲ್ಲಿ ಸಿಗುತ್ತದೆ ಹೇಳಿ? ಕೂಸು ಹುಟ್ಟಿದ ಮೇಲೆ ಮಾಡುವ ಮೊದಲ ಮಲದಲ್ಲಿ! ಕಪ್ಪು ಹಸಿರು ಬಣ್ಣದ, ಕೈಗೆ ಮೆತ್ತಿಕೊಳ್ಳುವ ಆ ಮಲ ತಿಂಗಳುಗಟ್ಟಲೆ ಕರುಳಿನಲ್ಲಿ ಕೂಡಿಬಂದದ್ದು. ವಿಜ್ಞಾನಿಗಳು ಅದನ್ನು ಜೋಪಾನವಾಗಿ ಎತ್ತಿಟ್ಟು ಕೀಟನಾಶಕ ಇದೆಯೇ, ಸೀಸ ಇದೆಯೇ ಎಂದು ಹುಡುಕುತ್ತಾರೆ. 2020ರಲ್ಲಿ ಫ್ರಾನ್ಸಿನ ಸಂಶೋಧಕರಿಗೆ ಕೆಲವು ಕೂಸುಗಳ ಮೊದಲ ಮಲದಲ್ಲಿ ಟೈಟಾನಿಯಂ ಸಿಕ್ಕಿತು. ಮಿಠಾಯಿ, ಚ್ಯೂಯಿಂಗ್ ಗಮ್‌ಗಳನ್ನು ಬೆಳ್ಳಗೆ ಮಾಡಲು ಬಳಸುತ್ತಿದ್ದ ಬಣ್ಣದಲ್ಲಿ ಇರುವುದೂ ಅದೇ ಲೋಹ!

ಅಮ್ಮನ ತಟ್ಟೆಗೆ ವಿಷ ತರುವುದರಲ್ಲಿ ಮಳೆಗೂ ಪಾಲಿದೆ. ಈಗ ಆ ವಿಷಯಕ್ಕೆ ಬನ್ನಿ. ಎಡಕುಮೇರಿ ಕಡೆಯ ಮಳೆ ಎಂಥದ್ದೆಂದು ನಿಮಗೆ ಗೊತ್ತೇ ಇದೆ. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಜರಿದು ರೈಲೇ ನಿಂತುಹೋಗಿತ್ತು! ಇಂಥ ತೇವದಲ್ಲಿ ಯಾರಿಗೆ ಹಬ್ಬ? ಬೂಷ್ಟಿಗೆ! ಕಾಫಿ ಹಣ್ಣು ಕಣದಲ್ಲಿ ಸರಿಯಾಗಿ ಒಣಗದಿದ್ದರೆ ಅದರ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ‘ಆಕ್ರಟಾಕ್ಸಿನ್’ ಎಂಬ ವಿಷ ಸುರಿಸುತ್ತವೆ. ಅದಕ್ಕೇ ಬೆಳೆಗಾರರು ತೇವ ಶೇ 10–11ಕ್ಕೆ ಇಳಿಯುವವರೆಗೆ ಬಿಡದೆ ಒಣಗಿಸುತ್ತಾರೆ. ಹಳೆಯ ಕೈಗಳಿಗೆ ಮೀಟರೂ ಬೇಡ. ಒಂದು ಹಿಡಿ ಚೆರ್ರಿ ಎತ್ತಿ ಕುಲುಕುತ್ತಾರೆ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ!

ಆಕ್ರಟಾಕ್ಸಿನ್ ಒಮ್ಮೆ ರಕ್ತಕ್ಕೆ ಸೇರಿತೋ, ಅದರ ಅರ್ಧ ಭಾಗ ಇಳಿಯುವುದಕ್ಕೇ ಸುಮಾರು 35 ದಿನ ಬೇಕು. ಇನ್ನೂ ದೊಡ್ಡ ಬೆರಗು ಕೇಳಿ. ಸ್ವಿಟ್ಜರ್ಲೆಂಡಿನಲ್ಲಿ ಬಾಣಂತಿಯರ ರಕ್ತವನ್ನೂ ಅವರ ಮಕ್ಕಳ ಹೊಕ್ಕುಳಬಳ್ಳಿಯ ರಕ್ತವನ್ನೂ ಅಕ್ಕಪಕ್ಕ ಇಟ್ಟು ಅಳೆದರು. ಈ ವಿಷ ಅಮ್ಮನಲ್ಲಿ ಇದ್ದದ್ದಕ್ಕಿಂತ ಮಗುವಿನಲ್ಲಿ ಎರಡು ಪಟ್ಟು! ಮಾಸು ಎಲ್ಲವನ್ನೂ ತಡೆಯುವ ಗೋಡೆ ಅಂದುಕೊಂಡಿದ್ದೆವಲ್ಲ?

ಗಾಬರಿ ಬೇಡ. ಕಾಫಿ ಬೀಜವನ್ನು ಹುರಿಯುವಾಗ ಈ ವಿಷದ ಬಹುಪಾಲು ನಾಶವಾಗುತ್ತದೆ. ಬಸುರಿಯರು ಲೋಟ ಎಣಿಸಬೇಕಾದ ಕಾರಣ ಬೇರೆಯೇ ಇದೆ: ಕೆಫೀನ್. ಮಾಮೂಲಾಗಿ ನಮ್ಮ ಮೈಯಲ್ಲಿ ನಾಲ್ಕೈದು ಗಂಟೆಗೆ ಅರ್ಧಕ್ಕಿಳಿಯುವ ಕೆಫೀನು, ದಿನ ತುಂಬಿದ ಬಸುರಿಯ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಹದಿನೈದು ಗಂಟೆ ಬೇಕು! ದಿನಕ್ಕೆ 300 ಮಿಲಿಗ್ರಾಂ ದಾಟುವವರು ಕಡಿಮೆ ಮಾಡಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮತ್ತೆ ಬೂಷ್ಟಿಗೆ ಬರೋಣ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಯಾಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲಿನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ! ಜಗತ್ತಿಗೆ ‘ಅಫ್ಲಾಟಾಕ್ಸಿನ್’ ಎಂಬ ಬೂಷ್ಟು ವಿಷದ ಪರಿಚಯವಾದದ್ದು ಹಾಗೆ.

ನಮ್ಮ ಮೈಸೂರಿಗೂ ಈ ಕಥೆಯಲ್ಲಿ ಪಾಲಿದೆ. ಅಪೌಷ್ಟಿಕತೆಯಿಂದ ಸೊರಗಿದ್ದ ಪುಟ್ಟ ಮಕ್ಕಳಿಗೆ ಶಕ್ತಿ ಬರಲೆಂದು ಕಡಲೆಕಾಯಿ ಹಿಟ್ಟು ಕೊಟ್ಟಿದ್ದರು. ಆ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇದ್ದದ್ದು ಯಾರಿಗೂ ತಿಳಿದಿರಲಿಲ್ಲ. ಮಕ್ಕಳ ಯಕೃತ್ತು ಕೆಟ್ಟಿತು. 1971ರಲ್ಲಿ ಮೈಸೂರಿನ ವೈದ್ಯರೂ ಆಹಾರ ವಿಜ್ಞಾನಿಗಳೂ ಸೇರಿ ಇದನ್ನು ಜಗತ್ತಿಗೆ ತಿಳಿಸಿದರು. ಪೌಷ್ಟಿಕ ಆಹಾರದ ಹಿಟ್ಟನ್ನೂ ಬೂಷ್ಟಿಗಾಗಿ ಪರೀಕ್ಷಿಸಲೇಬೇಕೆಂದು ಆ ಪುಟ್ಟ ಜೀವಗಳು ತೋರಿಸಿಕೊಟ್ಟವು.

ಅಫ್ಲಾಟಾಕ್ಸಿನ್ ಮಾಸು ದಾಟುತ್ತದೆಯೇ? ದಾಟುತ್ತದೆ! ಥಾಯ್ಲೆಂಡಿನಲ್ಲಿ ಹೊಸದಾಗಿ ಹುಟ್ಟಿದ ಕೂಸುಗಳ ಬಳ್ಳಿಯ ರಕ್ತದಲ್ಲೇ ಸಿಕ್ಕಿದೆ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಬಸುರಿಯರ ರಕ್ತ ನೋಡಿ, ಮಕ್ಕಳನ್ನು ವರ್ಷದವರೆಗೆ ಅಳೆಯುತ್ತ ಬಂದರು. ಅಮ್ಮನಲ್ಲಿ ವಿಷ ಹೆಚ್ಚಿದ್ದಷ್ಟೂ ಮಗುವಿನ ಬೆಳವಣಿಗೆ ಕುಂಠಿತ! ಈ ವಿಷ ಕರುಳಿನ ಒಳಪೊರೆಯನ್ನು ಹಾಳುಮಾಡಿ, ತಿಂದದ್ದು ಮೈಗೆ ಹತ್ತದಂತೆ ಮಾಡುತ್ತದೆ ಎಂಬುದು ವಿಜ್ಞಾನಿಗಳ ಒಂದು ಗುಮಾನಿ.

ಹಸು ಬೂಷ್ಟು ಹಿಂಡಿ ತಿಂದರೆ ವಿಷ ಹಾಲಿಗೂ ಇಳಿಯುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ!

ಆದರೆ ಒಂದು ಸಂತೋಷದ ಸಂಗತಿ. ಇಡೀ ಮೂಟೆ ಕಡಲೆಕಾಯಿಯಲ್ಲಿ ವಿಷವೆಲ್ಲ ಬೆರಳೆಣಿಕೆಯ ಬೀಜಗಳಲ್ಲೇ ಅಡಗಿರುತ್ತದೆ. ಸುರುಟಿದ್ದು, ಬಣ್ಣಗೆಟ್ಟದ್ದು, ಬೂಷ್ಟು ಹಿಡಿದದ್ದನ್ನು ಕೈಯಲ್ಲೇ ಆರಿಸಿ ಎಸೆದರೆ ವಿಷದ ದೊಡ್ಡ ಪಾಲು ಮನೆಯಾಚೆ! ಜಗಲಿಯಲ್ಲಿ ಮೊರ ಹಿಡಿದು ಕೂರುವ ಅಜ್ಜಿ ಮಾಡುತ್ತಿರುವುದು ಎಷ್ಟು ದೊಡ್ಡ ಕೆಲಸ ನೋಡಿ!

1995ರಲ್ಲಿ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಏನಾಯಿತು ಗೊತ್ತೇ? ಅಕಾಲ ಮಳೆಗೆ ಕೊಯ್ಲಿನ ಜೋಳ, ಮೆಕ್ಕೆಜೋಳ ನೆನೆದುಹೋಯಿತು. ಆ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ. ಹೊಟ್ಟೆಯೊಳಗೆ ಗುಡುಗುಡು ಸದ್ದು! ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ರಮೇಶ್ ಭಟ್ ಮತ್ತು ಸಂಗಡಿಗರು 50 ಹಳ್ಳಿ ಸುತ್ತಿದರು. 27ರಲ್ಲಿ ಕಾಯಿಲೆ ಸಿಕ್ಕಿತು. ಅದೇ ಮನೆಗಳ ಕಾಳನ್ನು ತಂದು ಒಂದು ದಿನದ ಕೋಳಿಮರಿಗಳಿಗೆ ಹಾಕಿದರು. ಅವಕ್ಕೂ ಭೇದಿ! ಕಳ್ಳ ಯಾರು? ‘ಫ್ಯುಮೊನಿಸಿನ್’ ಎಂಬ ಬೂಷ್ಟು ವಿಷ.

ಈ ಫ್ಯುಮೊನಿಸಿನ್ನಿಗೆ ಇನ್ನೊಂದು ಕೆಟ್ಟ ಚಾಳಿ. ಜೀವಕೋಶದೊಳಕ್ಕೆ ಫೋಲಿಕ್ ಆಮ್ಲ ಹೋಗುವ ಬಾಗಿಲನ್ನೇ ಕೆಡಿಸುತ್ತದೆ! ಮಗುವಿನ ಮಿದುಳು, ಬೆನ್ನುಹುರಿ ಸರಿಯಾಗಿ ಕೂಡಲೆಂದು ಬಸುರಿಯರಿಗೆ ಆಸ್ಪತ್ರೆಯಲ್ಲಿ ಮೊದಲು ಕೊಡುವ ಮಾತ್ರೆ ಈ ಫೋಲಿಕ್ ಆಮ್ಲವೇ ಅಲ್ಲವೇ? 1990–91ರಲ್ಲಿ ಅಮೆರಿಕ, ಮೆಕ್ಸಿಕೊ ಗಡಿಯ ಟೆಕ್ಸಸ್ ಭಾಗದಲ್ಲಿ ಮಿದುಳು, ಬೆನ್ನುಹುರಿ ಸರಿಯಾಗಿ ಕೂಡದ ಮಕ್ಕಳು ಒಮ್ಮೆಲೇ ಹೆಚ್ಚಾಗಿ ಹುಟ್ಟಿದರು. ಅಲ್ಲಿಯ ನಿತ್ಯದ ಊಟ ಮೆಕ್ಕೆಜೋಳದ ರೊಟ್ಟಿ. ತನಿಖೆಯ ಗುಮಾನಿ ಬಂದು ನಿಂತದ್ದು ಈ ವಿಷದ ಮೇಲೆ!

ಸಜ್ಜೆ, ರೈ ತೆನೆಗಳಲ್ಲಿ ಕಾಳಿನ ಜಾಗದಲ್ಲಿ ಬೆಳೆಯುವ ಎರ್ಗಟ್ ಎಂಬ ಬೂಷ್ಟು ಬಸಿರು ಇಳಿಸುವಷ್ಟು ಕಟುಕ. ಆದರೆ ಅದರಿಂದಲೇ 1935ರಲ್ಲಿ ಎರ್ಗೊಮೆಟ್ರಿನ್ ತೆಗೆದರು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಲು ಅದು ಇವತ್ತಿಗೂ ಅಮ್ಮಂದಿರ ಜೀವ ಕಾಯುತ್ತಿದೆ!

ಇನ್ನು ಸಿಂಪಡಣೆಯ ಮಾತು. ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕಕ್ಕೆ ಹೊಡೆಯುತ್ತ ಬಂದ ಕೀಟನಾಶಕ ಕ್ಲೋರ್‌ಪೈರಿಫಾಸ್ ಹೆಸರು ಸಕಲೇಶಪುರ, ಆಲೂರಿನ ತೋಟದವರಿಗೆ ಬಾಯಿಪಾಠ. ಫ್ರಾನ್ಸಿನ ಅಮಿಯಾನ್ ಊರಿನಲ್ಲಿ ಬಸುರಿ ಇಲಿಗಳಿಗೆ ಇದನ್ನು ಸ್ವಲ್ಪ ಸ್ವಲ್ಪವೇ ಉಣಿಸಿದರು. ಹುಟ್ಟಿದ ಮರಿಗಳ ಕರುಳು ಬಲಿಯುವುದೇ ತಡವಾಯಿತು! ಕರುಳಿನ ಸೂಕ್ಷ್ಮಾಣುಗಳ ಸಂಸಾರವೂ ಏರುಪೇರು. ಮರಿಗಳು ಆ ಔಷಧಿಯ ಮುಖವನ್ನೇ ನೋಡದೆ, ಅಮ್ಮನ ಮೂಲಕ ಪಡೆದ ಪಾಲಿದು! ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೇ ನಡೆಯುತ್ತದೆ ಎನ್ನಲಾಗದು. ಆದರೂ ಬಸುರಿಯರು ಸಿಂಪಡಣೆಯ ದಿನ ತೋಟದಿಂದ ದೂರ ಉಳಿಯುವುದೇ ಸರಿ ಎಂಬುದು ನನ್ನ ಗಟ್ಟಿ ಮಾತು.

ಪ್ಲಾಸ್ಟಿಕ್ಕಿನಿಂದ, ಡಬ್ಬಿಯ ಲೇಪದಿಂದ ಊಟಕ್ಕೆ ಜಿನುಗುವ ಬಿಸ್ಫೆನಾಲ್‌-ಎ ಇನ್ನೂ ವಿಚಿತ್ರ. 2010ರಲ್ಲಿ ಟುಲೂಸ್ ನಗರದ ಸಂಶೋಧಕರು ಬಸುರಿ ಇಲಿಗಳಿಗೆ ಅದನ್ನು ಕೊಟ್ಟು ನೋಡಿದರು. ಮರಿಗಳು ದೊಡ್ಡವಾದಾಗ ಕರುಳಿನ ಉರಿಯೂತ ಜೋರಾದದ್ದು ಹೆಣ್ಣುಮರಿಗಳಲ್ಲಿ ಮಾತ್ರ. ಗಂಡುಮರಿಗಳಿಗೆ ಏನೂ ಆಗಲಿಲ್ಲ!

ಬಾಲ್ಯದಲ್ಲಿ ಮೈಸೇರಿದ ಸೀಸ ಮೂಳೆಯಲ್ಲಿ ಹತ್ತಾರು ವರ್ಷ ಅವಿತಿರುತ್ತದೆ. ಹೆಣ್ಣು ಬಸುರಿಯಾಗಿ, ಮಗುವಿನ ಎಲುಬಿಗೆ ಸುಣ್ಣದಂಶ ಬೇಕಾದಾಗ ಅಮ್ಮನ ಮೂಳೆ ಕರಗುತ್ತದೆ. ಜೊತೆಗೆ ಆ ಹಳೇ ಸೀಸವೂ ಎದ್ದು ಬರುತ್ತದೆ! ಹಾಲು, ಮೊಸರು, ರಾಗಿ ತಿಂದರೆ ಮೂಳೆಗೆ ಕೈಹಾಕುವುದು ಕಡಿಮೆಯಾಗುತ್ತದೆ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಸುರಿಯರ ರಕ್ತದಲ್ಲಿ ಸೀಸ ತುಂಬಿತ್ತು. ಹತ್ತಿರದಲ್ಲಿ ಕಾರ್ಖಾನೆಯಿಲ್ಲ, ಏನಿಲ್ಲ. ಎಲ್ಲಿಂದ ಬಂತು? ರಕ್ತದ ಸೀಸವನ್ನೂ ಅಡುಗೆಮನೆಯ ಸಾಮಾನುಗಳನ್ನೂ ಒಂದೊಂದಾಗಿ ಹೋಲಿಸುತ್ತ ಹೋದರು. ಸಿಕ್ಕಿದ್ದು ಅರಿಶಿನ! ಕೊಂಬು ಹೊಳೆಯಲೆಂದು ವ್ಯಾಪಾರಿಗಳು ಸೀಸದ ಹಳದಿ ಬಣ್ಣ ಬಳಿಯುತ್ತಿದ್ದರು. ಸರ್ಕಾರ ಎದ್ದು ನಿಂತಿತು, ದಂಡ ಹಾಕಿತು, ಸುದ್ದಿ ಊರೆಲ್ಲ ಹಬ್ಬಿತು. 2019ರಲ್ಲಿ ಮಾರುಕಟ್ಟೆಯ ಶೇ 47ರಷ್ಟು ಅರಿಶಿನದಲ್ಲಿದ್ದ ಸೀಸ 2021ರಲ್ಲಿ ಶೇ 0! ಎರಡೇ ವರ್ಷದಲ್ಲಿ!