ಫೀಸು ಎಷ್ಟೆಂದು ನೀವೇ ಹೇಳಿ

ಒಂದು ರಾತ್ರಿಯ ಊಟಕ್ಕೆ ಎರಡೂವರೆ ಸಾವಿರ ಡಾಲರ್! ಅಮೆರಿಕದ ಡೆನ್ವರ್ ನಗರದಲ್ಲಿ ಕಪ್ಪು ವರ್ಣೀಯ ಮಹಿಳೆ ರೆಜಿನಾ ಜಾಕ್ಸನ್ ಮತ್ತು ಭಾರತೀಯ ಮೂಲದ ಸೈರಾ ರಾವ್ 2019ರಲ್ಲಿ ಇಂತಹದೊಂದು ಊಟವನ್ನು ಆರಂಭಿಸಿದರು. ಬಿಳಿಯ ಮಹಿಳೆಯೊಬ್ಬಳು ತನ್ನ ಗೆಳತಿಯರನ್ನು ಮನೆಗೆ ಕರೆಯಬೇಕು. ಊಟದ ಮೇಜಿನಲ್ಲಿ ಇವರಿಬ್ಬರೂ ಕುಳಿತು, ಅವರ ಮನಸ್ಸಿನೊಳಗೆ ಅಡಗಿರುವ ವರ್ಣಭೇದದ ಬಗ್ಗೆ ಮುಖಕ್ಕೆ ಹೊಡೆದಂತೆ ಮಾತಾಡುತ್ತಿದ್ದರು. ಅಳು ಬಂದರೆ ಎದ್ದು ಬೇರೆ ಕೋಣೆಗೆ ಹೋಗಿ ಅತ್ತು ಬರಬೇಕು!

ಓದಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಪ್ರಶ್ನೆಯೊಂದು ಕಾಡತೊಡಗಿತು. ಎಂಟು ಮಂದಿ ಹಂಚಿಕೊಂಡರೂ ತಲೆಗೆ ಮುನ್ನೂರು ಡಾಲರ್ ದಾಟುತ್ತದೆ. ಹಾಗಾದರೆ ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸಿಗೆ, ಶಾಲೆಯ ಟೀಚರಿಗೆ ಇದನ್ನು ಕಲಿಯುವ ಹಕ್ಕಿಲ್ಲವೇ?

ಉಚಿತವಾಗಿ ಕಲಿಸಿದರಾಯಿತು ಎನ್ನಬಹುದು. ಹಾಗೆ ಮಾಡಿದವರೂ ಇದ್ದಾರೆ. ಬ್ರಿಟನ್‌ನಲ್ಲಿ ಹುಟ್ಟಿ ಕತಾರ್‌ನಲ್ಲಿ ನೆಲೆಸಿದ, ಕಪ್ಪು ವರ್ಣೀಯ ಮುಸ್ಲಿಮ್ ಲೇಖಕಿ ಲೈಲಾ ಸಾದ್ 2018ರಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ 28 ದಿನಗಳ ಕಾಲ ದಿನಕ್ಕೊಂದು ಪ್ರಶ್ನೆ ಕೇಳುತ್ತಾ ಹೋದರು. ಅದನ್ನೇ ಅಭ್ಯಾಸ ಪುಸ್ತಕವಾಗಿಸಿ ಉಚಿತವಾಗಿ ಕೊಟ್ಟಾಗ ಸಾವಿರಾರು ಮಂದಿ ಪಡೆದುಕೊಂಡರು. 2020ರಲ್ಲಿ ಅದು ಅಚ್ಚಾಯಿತು. ಆದರೆ ಪುಸ್ತಕ ಬೇರೆ, ವಾರವಾರವೂ ಒಬ್ಬೊಬ್ಬರನ್ನು ಎದುರಿಗೆ ಕೂರಿಸಿಕೊಂಡು ತಿದ್ದುವ ಕೆಲಸ ಬೇರೆ. ಈ ಕೆಲಸಕ್ಕೆ ಅಲ್ಲಿ 'ಕೋಚಿಂಗ್' ಎನ್ನುತ್ತಾರೆ. ಕಲಿಸುವವರಲ್ಲಿ ಕಪ್ಪು ಮಹಿಳೆಯರು ಬಹಳಷ್ಟಿದ್ದಾರೆ. ತಾವು ಉಂಡ ನೋವನ್ನೇ ಪಾಠವಾಗಿಸಿ, ಅದನ್ನೂ ಪುಕ್ಕಟೆ ಹೇಳಿಕೊಡಿ ಎಂದರೆ ಅದು ಇನ್ನೊಂದು ಬಗೆಯ ಶೋಷಣೆಯೇ. ಅಮೆರಿಕದ ಫೆಡರಲ್ ರಿಸರ್ವ್ ನಡೆಸಿದ 2022ರ ಸಮೀಕ್ಷೆಯ ಪ್ರಕಾರ ಬಿಳಿಯ ಕುಟುಂಬದ ಮಧ್ಯಮ ಸಂಪತ್ತು 2,85,000 ಡಾಲರ್, ಕಪ್ಪು ಕುಟುಂಬದ್ದು 44,900 ಡಾಲರ್. ಆರು ಪಟ್ಟಿಗಿಂತಲೂ ಹೆಚ್ಚಿನ ಅಂತರ! ಕಲಿಸುವವಳಿಗೂ ಮನೆ ಬಾಡಿಗೆ ಇದೆ, ಮಕ್ಕಳಿದ್ದಾರೆ.

ಇದಕ್ಕೆ ಹಲವರು ಕಂಡುಕೊಂಡ ದಾರಿ 'ಸ್ಲೈಡಿಂಗ್ ಸ್ಕೇಲ್', ಅಂದರೆ ಏರಿಳಿಯುವ ಶುಲ್ಕ. ಪಾಠ ಒಂದೇ, ಫೀಸು ಮೂರು ಬಗೆ. ರೋಗಿಯ ಮುಖ ನೋಡಿ ಫೀಸು ತೆಗೆದುಕೊಳ್ಳುವ ವೈದ್ಯರನ್ನು ನಾವೂ ಕಂಡಿದ್ದೇವೆ. ಆದರೆ ಅಲ್ಲಿ ನಿರ್ಧರಿಸುವವರು ವೈದ್ಯರು. ಇಲ್ಲಿ ಕೊಡುವವರೇ ತಮ್ಮ ಮೆಟ್ಟಿಲನ್ನು ಆರಿಸಿಕೊಳ್ಳಬೇಕು. ಸಂಬಳದ ಚೀಟಿ ತೋರಿಸಬೇಕಾಗಿಲ್ಲ, ಬಡತನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಚಾಚಿ ಕೇಳುವ ಸಂಕಟ ಎಂಥದ್ದೆಂದು ತಿಳಿದ ಸಹೋದರಿಯರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆರಿಸುವುದು ಹೇಗೆ? ಅಲೆಕ್ಸಿಸ್ ಕನಿಂಗ್‌ಫೋಕ್ ಎಂಬ ಗಿಡಮೂಲಿಕೆ ಶಿಕ್ಷಕಿ ತನ್ನ ತರಗತಿಗಳಿಗಾಗಿ ಮೂರು ಹಸಿರು ಬಾಟಲಿಗಳ ಚಿತ್ರವೊಂದನ್ನು ಮಾಡಿದರು. ಒಂದರಲ್ಲಿ ತುಂಬಾ ಇದೆ, ಒಂದರಲ್ಲಿ ಅರ್ಧ, ಒಂದರಲ್ಲಿ ತಳದಲ್ಲಷ್ಟೇ. ಸ್ವಂತ ಮನೆ ಇದೆಯೇ, ಉಳಿತಾಯ ಇದೆಯೇ, ರಜೆಗೆ ಪ್ರವಾಸ ಹೋಗುತ್ತೀರಾ ಎಂದು ನೋಡಿಕೊಂಡು ನಿಮ್ಮ ಬಾಟಲಿ ಯಾವುದೆಂದು ಗುರುತಿಸಿಕೊಳ್ಳಿ ಎನ್ನುತ್ತದೆ ಅದು. ಅದರಲ್ಲಿ ನನಗೆ ಹಿಡಿಸಿದ್ದು ತ್ಯಾಗಕ್ಕೂ ಕಷ್ಟಕ್ಕೂ ಗೆರೆ ಎಳೆದದ್ದು. ಈ ಫೀಸು ಕೊಟ್ಟರೆ ಹೋಟೆಲಿನ ಊಟ ತಪ್ಪುತ್ತದೆಯೆಂದಾದರೆ ಅದು ತ್ಯಾಗ. ಮನೆಯ ಊಟವೇ ತಪ್ಪುತ್ತದೆಯೆಂದಾದರೆ ಕಷ್ಟ. ಕೆಳಗಿನ ಮೆಟ್ಟಿಲು ಕಷ್ಟದವರಿಗೆ ಮಾತ್ರ. ಈ ಚಿತ್ರ ಬೇರೆ ಬೇರೆ ಕಸುಬಿನವರಿಗೂ ಮಾದರಿಯಾಯಿತು.

ಒಂದು ಲೆಕ್ಕ ಹಾಕೋಣ. ಒಬ್ಬ ಶಿಕ್ಷಕಿಗೆ ವಾರಕ್ಕೆ ಸಾವಿರ ಡಾಲರ್ ಬೇಕು, ಬರುವವರು ಹತ್ತು ಮಂದಿ ಎಂದುಕೊಳ್ಳಿ. ನಾಲ್ವರು 150ರಂತೆ, ಮೂವರು 100ರಂತೆ, ಮೂವರು 50ರಂತೆ ಕೊಟ್ಟರೆ 1,050 ಆಯಿತು. ಸಂಸಾರ ನಡೆಯಿತು. ಆದರೆ ಮೇಲಿನ ಮೆಟ್ಟಿಲ ಇಬ್ಬರು ಸದ್ದಿಲ್ಲದೆ ಕೆಳಗಿಳಿದು 50 ಕೊಟ್ಟರೆ ಕೂಡಲೇ 850ಕ್ಕೆ ಇಳಿಯುತ್ತದೆ. ಮರುತಿಂಗಳು ಆಕೆ ಮಾಡುವುದೇನು? ಕಡಿಮೆ ಫೀಸಿನ ಜಾಗಗಳನ್ನೇ ಕಡಿತಗೊಳಿಸುತ್ತಾಳೆ. ಸಿರಿವಂತೆಯ ಜಾಣತನದ ಬೆಲೆಯನ್ನು ಅವಳು ಕಂಡೇ ಇರದ ಬಡ ಹೆಂಗಸು ತೆರುತ್ತಾಳೆ. ಅದಕ್ಕಾಗಿಯೇ ಕೆಲವರು ಕೆಳ ಮೆಟ್ಟಿಲಿಗೆ ಇಂತಿಷ್ಟೇ ಜಾಗ ಎಂದು ಮೊದಲೇ ಗೊತ್ತುಪಡಿಸುತ್ತಾರೆ. ಮತ್ತೆ ಕೆಲವರು ಅನುಕೂಲವಿದ್ದವರಿಗೆ ಇನ್ನೊಬ್ಬರ ಫೀಸನ್ನೂ ಕಟ್ಟುವ ಅವಕಾಶವಿಡುತ್ತಾರೆ. ಯಾರದೆಂದು ಇಬ್ಬರಿಗೂ ತಿಳಿಯುವುದಿಲ್ಲ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಪ್ರಾಣಬಿಟ್ಟಾಗ ಈ ಪಾಠಗಳಿಗೆ ಜನ ಮುಗಿಬಿದ್ದರು. ಕಂಪೆನಿಗಳೂ ದುಡ್ಡು ಸುರಿದವು. ಆ ಉಬ್ಬರ ಬೇಗನೇ ಇಳಿಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಸರಕಾರಿ ಇಲಾಖೆಗಳಲ್ಲಿ ಇಂತಹ ಕಾರ್ಯಕ್ರಮಗಳನ್ನು ನಿಲ್ಲಿಸಲು ಆದೇಶಿಸಿದರು. ಹಲವು ದೊಡ್ಡ ಕಂಪೆನಿಗಳೂ ಹಿಂದೆ ಸರಿದವು. ದೊಡ್ಡ ಚೆಕ್ಕುಗಳು ಕಡಿಮೆಯಾದಷ್ಟೂ ಶಿಕ್ಷಕಿಯ ಮನೆಯ ಒಲೆ ಉರಿಯಬೇಕಾದದ್ದು, ತನ್ನ ಬಾಟಲಿಯಲ್ಲಿ ಎಷ್ಟಿದೆಯೆಂದು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಹೇಳಿಕೊಳ್ಳುವ ನಿಜದಿಂದಲೇ.